ಗೋದಲಿಯ ಹಸು, ಅಮೃತ ಮಹಲಿನ ಎತ್ತು

ಹೋದ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಗೋದಲಿಗೆ ಇಡುವ ಪುಟ್ಟ ಪ್ಲಾಸ್ಟಿಕ್ ಹಸುಗಳನ್ನು ಎಂಟು ಕೊಂಡೆ. ಎರಡು ಸೆಂಟಿಮೀಟರ್ ಎತ್ತರ. ಅಂಗಡಿಯಲ್ಲೇ ಪರ್ಸಿನಿಂದ ಸ್ಕೇಲ್ ತೆಗೆದು ಅಳೆದು ನೋಡಿದೆ. ನನ್ನ ಯುದ್ಧದ ಆಟಕ್ಕೆ ಬೇಕಾಗಿದ್ದದ್ದು ಫಿರಂಗಿ ಎಳೆಯುವ ಎತ್ತುಗಳು. ಅಮೃತ ಮಹಲ್ ತಳಿಯ ಎತ್ತುಗಳು. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಅಷ್ಟು ವೇಗವಾಗಿ ಓಡಾಡುತ್ತಿದ್ದದ್ದೇ ಆ ಎತ್ತುಗಳ ಬಲದಿಂದ.

ಗೋದಲಿಯ ಹಸುವಿಗೆ ಹಿಣಿಲಿಲ್ಲ. ಯುರೋಪಿನ ಹಸು ಅದು, ಬೆನ್ನು ಚಪ್ಪಟೆ. ಕೊಂಬು ಇದೆಯೋ ಇಲ್ಲವೋ ಅನ್ನುವಷ್ಟು ಮೊಂಡು. ನಾನು ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕ್ರೌನು, ಹಲ್ಲಿನ ಸೆಟ್ಟು, ಕ್ಲಿಪ್ಪು ಮಾಡುವುದು ನನ್ನ ದಿನದ ಕೆಲಸ. ಕ್ಲಿಪ್ಪಿಗೆ ಬಳಸುವ 0.7 ಮಿಲಿಮೀಟರ್ ಸ್ಟೀಲ್ ತಂತಿಯನ್ನು ಒಂಬತ್ತು ಮಿಲಿಮೀಟರಿಗೆ ಕತ್ತರಿಸಿ, ಇಕ್ಕಳದಲ್ಲಿ ಹಿಂದಕ್ಕೆ ಬಾಗಿಸಿ, ತುದಿಯನ್ನು ಮತ್ತೆ ಮೇಲಕ್ಕೆ ಎತ್ತಿ, ಅರದಿಂದ ಚೂಪು ಮಾಡಿದೆ. ತಲೆಯಲ್ಲಿ ಸೂಜಿಯಿಂದ ಎರಡು ತೂತು ಹಾಕಿ ಕೂರಿಸಿದೆ. ಹಿಣಿಲಿಗೆ ಎಂ-ಸೀಲ್, ಮೆಣಸಿನ ಕಾಳಿಗಿಂತ ಚಿಕ್ಕ ಉಂಡೆ. ಒದ್ದೆ ಬೆರಳಿನಲ್ಲಿ ಒತ್ತಿ ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ನೆಟ್ಟಗೆ ನಿಲ್ಲಿಸಿದರೆ ಒಂಟೆಯ ಹಾಗೆ ಕಾಣುತ್ತದೆ. ಬೂದು ಬಣ್ಣ ಹಚ್ಚಿ ಒಣಗಿಸಿ ಮೇಜಿನ ಮೇಲೆ ಇಟ್ಟಾಗ ಅಮ್ಮ ನೋಡಿ, "ಅಯ್ಯೋ, ನಮ್ಮ ಅಜ್ಜನ ಮನೆ ಎತ್ತು ಹೀಗೇ ಇತ್ತು ಕಣೇ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಆಡುವುದು ಮೇಜಿನ ಮೇಲಿನ ಯುದ್ಧದ ಆಟ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು, ಗುಡ್ಡ, ತೋಪು, ನದಿ, ಎರಡು ಸೈನ್ಯ. ಅಳೆಯುವುದಕ್ಕೆ ಟೇಪು, ಅದೃಷ್ಟಕ್ಕೆ ದಾಳ. ಬೊಂಬೆಗಳು 1/72 ಅಳತೆಯವು, ಅಂದರೆ ಒಬ್ಬ ಆಳು ಹೆಚ್ಚುಕಮ್ಮಿ 24 ಮಿಲಿಮೀಟರ್. ನನ್ನದು ಮೈಸೂರಿನ ಸೈನ್ಯ, ಎದುರಿಗೆ ಕುಂಪಣಿಯದು. ಎದುರಾಳಿ ನಮ್ಮ ಭಾವ. ಅಕ್ಕ ಭಾವ ಬೆಂಗಳೂರಿನಲ್ಲಿದ್ದಾರೆ, ರಜೆ ಸಿಕ್ಕಾಗ ಇಲ್ಲಿಗೆ ಬರುತ್ತಾರೆ.

ವಾಟರ್ಲೂ ಆಡಬೇಕು ಅಂದರೆ ಬೊಂಬೆಗೆ ಬರವಿಲ್ಲ. ನೆಪೋಲಿಯನ್ನನ ಕಾಲದ ಪ್ರತಿಯೊಂದು ಟೋಪಿಗೂ ಒಂದೊಂದು ಬಾಕ್ಸ್ ಸಿಗುತ್ತದೆ. ಶ್ರೀರಂಗಪಟ್ಟಣ ಆಡಬೇಕು ಅಂದರೆ? ನನ್ನ ಅಳತೆಯಲ್ಲಿ, ನಾನು ಕೊಡಬಹುದಾದ ಬೆಲೆಯಲ್ಲಿ ನನಗೆ ಏನೂ ಸಿಗಲಿಲ್ಲ. ಹೊರದೇಶದಿಂದ ತರಿಸಿದರೆ ಬೊಂಬೆಗಿಂತ ಸಾಗಣೆಯ ಖರ್ಚೇ ಜಾಸ್ತಿ. ಹಾಗಾಗಿ ಮೊದಲ ಆಟ ಆಡಿದ್ದು ಅಮ್ಮನ ದಸರಾ ಬೊಂಬೆಗಳಲ್ಲಿ. ಜಂಬೂಸವಾರಿ ಸೆಟ್ಟಿನ ಸಿಪಾಯಿಗಳು, ಎರಡು ಆನೆ, ಆರು ಕುದುರೆ. ಒಂದೊಂದು ಸಿಪಾಯಿಯೂ ಹೆಬ್ಬೆರಳಿನಷ್ಟು ದಪ್ಪ, ನಾಲ್ಕು ಜನ ನಿಂತರೆ ಗುಡ್ಡವೇ ಮುಚ್ಚಿಹೋಗುತ್ತಿತ್ತು. ಆದರೂ ಆಟ ಆಯಿತು. ಚೆನ್ನಾಗೇ ಆಯಿತು.

ಹೀಗೆ ಬದಲಿ ಬೊಂಬೆ ಇಟ್ಟು ಆಡುವುದಕ್ಕೆ ಪ್ರಾಕ್ಸಿ ಅನ್ನುತ್ತಾರೆ. ಪ್ರಾಕ್ಸಿ ಅಂದರೆ ನಮ್ಮಲ್ಲಿ ಕಾಲೇಜಿನ ಅಟೆಂಡೆನ್ಸ್ ನೆನಪಾಗುತ್ತದೆ, ಅಲ್ವಾ? ಬಾರದವರ ಪರವಾಗಿ ಇನ್ನೊಬ್ಬರು "ಪ್ರೆಸೆಂಟ್ ಸರ್" ಅನ್ನುವುದು. ಈ ಆಟದಲ್ಲೂ ಅದೇ ಅರ್ಥ. ಇಲ್ಲದ ಬೊಂಬೆಯ ಜಾಗದಲ್ಲಿ ಇನ್ನೊಂದು ಬೊಂಬೆ ನಿಲ್ಲುತ್ತದೆ. ಇದರ ಜೊತೆಗೆ ಜನ ಇನ್ನೊಂದು ವಿಷಯವನ್ನು ಕಲಸಿಬಿಡುತ್ತಾರೆ. ಆಟ ಒಂದು ಕಂಪನಿಯದು, ಬೊಂಬೆ ಬೇರೆಯವರು ಮಾಡಿದ್ದು. ಅದು ಬದಲಿ ಬೊಂಬೆ ಅಲ್ಲ, ಬೇರೆ ಅಂಗಡಿಯ ಬೊಂಬೆ, ಅಷ್ಟೇ. ನಾವು ಆಡುವ ಬ್ಲ್ಯಾಕ್ ಪೌಡರ್ ನಿಯಮಗಳಿಗೆ ಬೊಂಬೆ ಯಾರದ್ದಾದರೂ ಪರವಾಗಿಲ್ಲ. ಎರಡೂ ಕಡೆಯ ಬೇಸುಗಳ, ಅಂದರೆ ಬೊಂಬೆ ಅಂಟಿಸುವ ತಳಪಟ್ಟಿಗಳ, ಅಗಲ ಹೊಂದಿಕೊಂಡರೆ ಸಾಕು.

ಭಾವನ ಮೊದಲ ಆಟ ವಾರ್‌ಹ್ಯಾಮರ್ 40,000, ದೂರದ ಭವಿಷ್ಯದ ಕಾಲ್ಪನಿಕ ಯುದ್ಧದ ಆಟ. ಅಲ್ಲಿ ಮಾತು ಬೇರೆ. ಅದನ್ನು ಮಾಡುವ ಗೇಮ್ಸ್ ವರ್ಕ್‌ಶಾಪ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಕಂಪನಿ. ಅವರದೇ ಅಂಗಡಿಯಲ್ಲಿ, ಅವರೇ ನಡೆಸುವ ಪಂದ್ಯಗಳಲ್ಲಿ ಅವರ ಬೊಂಬೆಗಳೇ ಆಗಬೇಕು. ಗೆಳೆಯರ ಮನೆಯಲ್ಲಿ ಆ ಕಟ್ಟು ಇಲ್ಲ. ಮೊದಲು ಹೀಗಿರಲಿಲ್ಲವಂತೆ. 1987ರಲ್ಲಿ ಆ ಆಟ ಬಂದ ಹೊಸದರಲ್ಲಿ ಡಿಯೋಡರೆಂಟ್ ಡಬ್ಬಿಯಿಂದ ಹಾರುವ ಟ್ಯಾಂಕ್ ಮಾಡುವುದನ್ನು ಕಂಪನಿಯವರೇ ಹೇಳಿಕೊಟ್ಟಿದ್ದರು. ಆಮೇಲೆ 2010ರಲ್ಲಿ ಚಾಪ್ಟರ್‌ಹೌಸ್ ಅನ್ನುವ ಚಿಕ್ಕ ಅಮೆರಿಕನ್ ಕಂಪನಿಯ ಮೇಲೆ ಅದೇ ಕಂಪನಿ ಕೇಸು ಹಾಕಿತು. ಅವರು ವಾರ್‌ಹ್ಯಾಮರ್ ಬೊಂಬೆಗಳಿಗೆ ಹೊಂದುವ ಬಿಡಿಭಾಗ ಮಾರುತ್ತಿದ್ದರು. 2013ರಲ್ಲಿ ಬಂದ ತೀರ್ಪು ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಹಂಚಿಹೋಯಿತು. ಅದಾದ ಮೇಲೆ, ತಾವು ಬೊಂಬೆ ಮಾಡದ ಸೈನಿಕರಿಗೆ ಕಂಪನಿ ನಿಯಮ ಬರೆಯುವುದನ್ನೇ ಕಡಿಮೆ ಮಾಡಿತು. ಆ ಆಟದ ಒಂದು ಸೈನ್ಯಕ್ಕಿದ್ದ ಇಂಪೀರಿಯಲ್ ಗಾರ್ಡ್ ಅನ್ನುವ ಸಾದಾ ಹೆಸರು ಹೋಗಿ ಆಸ್ಟ್ರಾ ಮಿಲಿಟಾರಮ್ ಆಯಿತು. ಭಾವನಿಗೆ ಹಳೆಯ ಹೆಸರೇ ಇಷ್ಟ, ಇವತ್ತಿಗೂ ಅದನ್ನೇ ಹೇಳುತ್ತಾರೆ.

ಕಂಪನಿಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮೇಜಿನ ಮೇಲೆ ನನ್ನ ಚಿಂತೆ ಅದಲ್ಲ. ನನ್ನ ಚಿಂತೆ ಎದುರಿಗೆ ಕೂತವರದ್ದು. ಅದು ಹೇಗೆ ಬಂತು ಹೇಳುತ್ತೇನೆ.

ದಸರಾ ಬೊಂಬೆಗಳ ನಂತರ ನಾನು ತುರ್ಕಿಯ ಜಾನಿಸರಿ ಸೈನಿಕರ ಬಾಕ್ಸುಗಳನ್ನು ತಂದೆ. ಮೊಣಕಾಲವರೆಗೆ ಅಂಗಿ, ಕೈಯಲ್ಲಿ ಕೋವಿ. ಅವರ ಉದ್ದ ಟೋಪಿ ಕತ್ತರಿಸಿ ಎಂ-ಸೀಲಿನಲ್ಲಿ ಪೇಟ ಸುತ್ತಿದರೆ ಮೈಸೂರಿನವರು. ಈ ಪ್ಲಾಸ್ಟಿಕ್ ಮೆತ್ತಗೆ, ಅರ ಹಾಕಿದರೆ ನಾರುನಾರಾಗಿ ಏಳುತ್ತದೆ. ಹೊಸ ಬ್ಲೇಡಿನಲ್ಲಿ ಒಂದೇ ಸಲಕ್ಕೆ ಕತ್ತರಿಸಬೇಕು. ಮೊದಲು ಪಾತ್ರೆ ಸೋಪಿನಲ್ಲಿ ತೊಳೆಯದಿದ್ದರೆ ಬಣ್ಣ ನಿಲ್ಲುವುದಿಲ್ಲ. ಪೇಟ ನಿಲ್ಲುವುದಕ್ಕೆ ತಲೆಯ ಮೇಲೆ ಬ್ಲೇಡಿನಿಂದ ಗೀರು ಹಾಕಿ ಒರಟು ಮಾಡಬೇಕು. ಅರವತ್ತು ಪೇಟ ಸುತ್ತಿದೆ. ಟಿಪ್ಪುವಿನ ಸೈನಿಕರ ಅಂಗಿಯ ಮೇಲೆ ಬಬ್ರಿ, ಅಂದರೆ ಹುಲಿಪಟ್ಟೆಯ ಗುರುತು ಇರುತ್ತಿತ್ತು. ನಾಲ್ಕು ಮಿಲಿಮೀಟರ್ ಎದೆಯ ಮೇಲೆ ಅದನ್ನು ಬರೆಯಲಾಗದು. ನೇರಳೆ ಬಣ್ಣದ ಮೇಲೆ ಬಿಳಿಯಲ್ಲಿ ಮೂರು ಓರೆ ಚುಕ್ಕೆ ಇಟ್ಟರೆ ಕಣ್ಣೇ ಉಳಿದದ್ದನ್ನು ತುಂಬಿಕೊಳ್ಳುತ್ತದೆ.

ಆ ಸೈನ್ಯದಲ್ಲಿ ರಾಕೆಟ್ ದಳವೂ ಇತ್ತು, ಕೋವಿ ದಳವೂ ಇತ್ತು. ಬೊಂಬೆ ಮಾತ್ರ ಎಲ್ಲಾ ಒಂದೇ. ಆಟಕ್ಕೆ ಮುಂಚೆ "ಭಾವ, ಎಡಗಡೆ ಗುಡ್ಡದ ಮೇಲೆ ಇರೋರು ರಾಕೆಟ್‌ನವರು, ತೋಪಿನ ಹತ್ತಿರ ಇರೋರು ಕೋವಿಯವರು" ಅಂತ ಹೇಳಿದ್ದೆ. ಎರಡು ಗಂಟೆ ಕಳೆಯಿತು. ದಳಗಳು ಜಾಗ ಬದಲಿಸಿದವು. ಭಾವ ತಮ್ಮ ಕುದುರೆ ದಳವನ್ನು ಸುತ್ತು ಹಾಕಿಸಿ, ರಾಕೆಟ್‌ನವರು ಅಂದುಕೊಂಡು ನೇರ ಕೋವಿಯವರ ಮೇಲೆ ನುಗ್ಗಿಸಿದರು. ಕೋವಿಯವರು ಚೌಕ ಕಟ್ಟಿ ನಿಂತರು. ಕುದುರೆ ದಳ ಪೂರ್ತಿ ಹೋಯಿತು, ಆಟವೂ ಹೋಯಿತು.

"ನೀನು ಹೇಳಿದ್ದೆ ಕಣಮ್ಮ, ನನಗೇ ಮರೆತುಹೋಯ್ತು" ಅಂದರು ಭಾವ. ಬೇಜಾರು ತೋರಿಸಿಕೊಳ್ಳದೆ ಕುದುರೆಗಳನ್ನು ಡಬ್ಬಿಗೆ ಹಾಕಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ನನ್ನದೇ. ಅವರು ಸೋತದ್ದು ನನ್ನ ಉಪಾಯಕ್ಕಲ್ಲ, ನಾನು ಅವರ ನೆನಪಿನ ಮೇಲೆ ಹೊರಿಸಿದ ಹೊರೆಗೆ. ಬ್ಲ್ಯಾಕ್ ಪೌಡರಿನಲ್ಲಿ ದಾಳ ಉರುಳಿಸುವ ಮೊದಲೇ ಅಪ್ಪಣೆಯನ್ನು ಬಾಯಿಬಿಟ್ಟು ಹೇಳಬೇಕು. ಯಾವ ದಳ ಎಲ್ಲಿಗೆ ಹೋಗುತ್ತದೆ ಅಂತ. ಮೇಜಿನ ಮೇಲೆ ಯಾರು ಯಾರು ಅನ್ನುವುದೇ ಎದುರಿನವರಿಗೆ ತಿಳಿಯದಿದ್ದರೆ ಆ ಮಾತಿಗೆ ಅರ್ಥವೇನು? ಬದಲಿ ಬೊಂಬೆ ಎಷ್ಟು ಚೆಂದ ಇದೆ ಅನ್ನುವುದು ಆಮೇಲಿನ ಮಾತು. ಎದುರಿನ ಕುರ್ಚಿಯಿಂದ ನೋಡಿದಾಗ, ಕೇಳದೆಯೇ ಗೊತ್ತಾಗಬೇಕು. ನಾನು ಅಷ್ಟು ದಿನ ಬೊಂಬೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ನೋಡಿದ್ದೆ. ಭಾವ ನೋಡುತ್ತಿದ್ದದ್ದು ನಾಲ್ಕು ಅಡಿ ದೂರದಿಂದ.

ರಾಕೆಟ್‌ನವರನ್ನು ಹೊಸದಾಗಿ ಮಾಡಲೇಬೇಕಿತ್ತು. ದಾರಿ ತೋರಿಸಿದ್ದು ಒಂದು ಹಳೆಯ ಚಿತ್ರ. ಕುಂಪಣಿಯ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಅನ್ನುವ ಚಿತ್ರಕಾರ ಟಿಪ್ಪುವಿನ ಸೈನಿಕನೊಬ್ಬನನ್ನು ಬರೆದಿದ್ದಾನೆ. ಆ ಸೈನಿಕ ರಾಕೆಟ್ಟನ್ನೇ ಬಾವುಟದ ಕೋಲಿನ ಹಾಗೆ ಹಿಡಿದು ನಿಂತಿದ್ದಾನೆ. ಅದನ್ನು ನೋಡಿದ ಕೂಡಲೇ ಹೊಳೆಯಿತು: ಬೊಂಬೆ ಬಾಕ್ಸುಗಳಲ್ಲಿ ಬಾವುಟ ಹಿಡಿದವನು ಇದ್ದೇ ಇರುತ್ತಾನಲ್ಲ! ಅವನ ಕೈ ಆಗಲೇ ಸರಿಯಾದ ಜಾಗದಲ್ಲಿದೆ. ಬಾಕ್ಸಿಗೆ ಒಬ್ಬಿಬ್ಬರೇ ಇರುವುದು, ಹಾಗಾಗಿ ಭಾವನ ಗೆಳೆಯರ ಹತ್ತಿರ ಉಳಿದಿದ್ದ ಬಾವುಟದವರನ್ನೆಲ್ಲ ಕೇಳಿ ತರಿಸಿಕೊಂಡೆ. ಬದಲಿಗೆ ಒಂದೊಂದಕ್ಕೂ ಇಬ್ಬರು ಕೋವಿಯವರನ್ನು ಕೊಟ್ಟೆ. ಹನ್ನೆರಡು ಜನ ಆದರು. ಯಾವ ದೇಶದವರು, ಯಾವ ಶತಮಾನದವರು ಅಂತ ಕೇಳಬೇಡಿ, ಪೇಟ ಸುತ್ತಿದ ಮೇಲೆ ಎಲ್ಲರೂ ಮೈಸೂರಿನವರೇ.

ರಾಕೆಟ್ಟಿನ ಅಳತೆಗೆ ನಗರದ ಬಾವಿ ನೆರವಾಯಿತು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳು ಸಿಕ್ಕಿದ್ದು ನೆನಪಿರಬಹುದು. ಹೆಚ್ಚುಕಮ್ಮಿ ಒಂದು ಗೇಣುದ್ದದ ಕಬ್ಬಿಣದ ಕೊಳವೆಗಳು. ನನ್ನ ಅಳತೆಗೆ ಇಳಿಸಿದರೆ ಮೂರೂವರೆ ಮಿಲಿಮೀಟರ್. ಎತ್ತಿನ ಕೊಂಬಿಗೆ ತಂದ ಅದೇ ಸ್ಟೀಲ್ ತಂತಿಯ ತುಂಡು ಸರಿಹೋಯಿತು. ರಾಕೆಟ್ಟಿಗೆ ಕಟ್ಟುತ್ತಿದ್ದ ಬಿದಿರಿನ ಕೋಲಿನ ಬದಲು ಬಟ್ಟೆ ತಿಕ್ಕುವ ಬ್ರಷ್ಷಿನ ಎಳೆ. ಈಗ ಮೇಜಿನ ಆ ತುದಿಯಿಂದ ನೋಡಿದರೂ ಹನ್ನೆರಡು ಕೋಲು ಆಕಾಶಕ್ಕೆ ಎದ್ದು ನಿಂತಿರುವುದು ಕಾಣುತ್ತದೆ.

ಭಾವನ ಕಡೆಯೂ ಬದಲಾಯಿತು. ಮೊದಲು ಅವರ ಕೆಂಪು ಕೋಟಿನವರು ವಾಟರ್ಲೂ ಬಾಕ್ಸಿನವರು, ತಲೆಯ ಮೇಲೆ ಡಬ್ಬಿಯಂಥ ಉದ್ದ ಶಾಕೊ ಟೋಪಿ. ಬ್ರಿಟಿಷ್ ಸೈನ್ಯಕ್ಕೆ ಆ ಟೋಪಿ ಬಂದದ್ದು 1800ರ ಹೊತ್ತಿಗೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ನನಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಈಗ ಅವರು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬ್ರಿಟಿಷ್ ಬಾಕ್ಸ್ ತಂದಿದ್ದಾರೆ. ಬೇರೆ ಖಂಡದ ಯುದ್ಧದ ಬೊಂಬೆ, ಆದರೂ ಇದಕ್ಕಿಂತ ಸರಿಯಾದ ಬದಲಿ ಇಲ್ಲ ಅನ್ನಿಸುತ್ತದೆ ನನಗೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸನೇ ಅಲ್ವಾ 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದವನು? ಅವನೇ ಅಲ್ಲಿಂದ ಇಲ್ಲಿಗೆ ಬಂದ ಮೇಲೆ ಬೊಂಬೆಗಳು ಬಂದರೆ ತಪ್ಪೇನು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಅಚ್ಚು ತೆಗೆಯುವುದು ನನ್ನ ಕಸುಬು, ಸಿಲಿಕಾನ್ ಪುಟ್ಟಿ ದಿನಾ ಕೈಯಲ್ಲೇ ಇರುತ್ತದೆ. ಆಟದ ಪರಿಚಯದವರೊಬ್ಬರು ಒಂದು ಲೋಹದ ಬೊಂಬೆ ತಂದು, "ಇದರ ಅಚ್ಚು ತೆಗೆದು ಇಪ್ಪತ್ತು ಮಾಡಿಕೊಡಿ" ಅಂದರು. ಮಾಡುವುದಿಲ್ಲ ಅಂದೆ. ಅರ್ಧ ಗಂಟೆಯ ಕೆಲಸ, ಅಚ್ಚು ಕೂದಲೆಳೆಯಷ್ಟೂ ಬಿಡದೆ ಬರುತ್ತದೆ, ನನಗೆ ಗೊತ್ತು. ಆದರೆ ಆ ಮುಖವನ್ನು ಯಾರೋ ಒಬ್ಬರು ಕೂತು ಕೆತ್ತಿದ್ದಾರೆ. ಒಂದು ಹಲ್ಲನ್ನು ಮೇಣದಲ್ಲಿ ಕೆತ್ತುವುದಕ್ಕೆ ನನಗೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ನನ್ನ ಕುತ್ತಿಗೆಗೆ ಗೊತ್ತು. ಬೇರೆಯವರಿಂದ ಬೊಂಬೆ ಕೊಳ್ಳಿ, ಕೊಂಡದ್ದನ್ನು ಕತ್ತರಿಸಿ, ಪೇಟ ಸುತ್ತಿ, ಕೊಂಬು ಚುಚ್ಚಿ. ಸ್ವಂತ ವಿನ್ಯಾಸದ ಫೈಲ್ ಮಾರುವ ಕಲಾವಿದರಿದ್ದಾರೆ, ದುಡ್ಡು ಕೊಟ್ಟು ಇಳಿಸಿಕೊಂಡು ರೆಸಿನ್ ಪ್ರಿಂಟರಿನಲ್ಲಿ ಮಾಡಿಕೊಳ್ಳಿ. ಭಾವ ಹಾಗೇ ಮಾಡುತ್ತಾರೆ. ಗಟ್ಟಿಯಾಗದ ರೆಸಿನ್ ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ. ಲ್ಯಾಬಿನಲ್ಲಿ ನಾನು ಎಲ್ಲರಿಗೂ ಹೇಳುವ ಮಾತಿದು.

ಮುಂದಿನ ರಜೆಗೆ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯ ಕದನ ಆಡುತ್ತಿದ್ದೇವೆ. 1791ರ ಮೇ ತಿಂಗಳಿನದ್ದು. ಕಾರ್ನ್‌ವಾಲಿಸ್ ಅಲ್ಲಿ ಗೆದ್ದ. ಗೆದ್ದರೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ಸೈನ್ಯಕ್ಕೆ ಊಟವಿರಲಿಲ್ಲ, ಎತ್ತುಗಳು ಸತ್ತುಹೋಗಿದ್ದವು. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬಿಟ್ಟು ಹಿಂದಿರುಗಿದ. ಹಾಗಾಗಿ ಈ ಸಲ ಎತ್ತು ಬೇಕಾಗಿರುವುದು ಭಾವನಿಗೆ. ಅವರ ದಂಡಿನಲ್ಲಿ ಒಂದು ಎತ್ತೂ ಇಲ್ಲ. ನನ್ನ ಎಂಟರಲ್ಲಿ ನಾಲ್ಕನ್ನು ಕೊಡುತ್ತೇನೆ ಅಂದಿದ್ದೇನೆ. ಒಂದೊಂದು ಎತ್ತು ಬಿದ್ದಾಗಲೂ ಒಂದೊಂದು ಫಿರಂಗಿ ನಿಂತುಬಿಡಬೇಕು, ಹಾಗೆ ಒಂದು ನಿಯಮ ಬರೆಯುತ್ತಿದ್ದೇವೆ. ಯಾವುದು ಯಾರ ಎತ್ತು ಅಂತ ದೂರದಿಂದ ಗೊತ್ತಾಗಲಿ ಎಂದು ಅವರ ನಾಲ್ಕಕ್ಕೂ ಕೊಂಬಿನ ತುದಿಗೆ ಕೆಂಪು ಬಣ್ಣ ಹಚ್ಚಿದ್ದೇನೆ, ನಮ್ಮ ಸಂಕ್ರಾಂತಿಯ ಎತ್ತುಗಳ ಹಾಗೆ. ಮೂರು ಒಣಗಿವೆ. ನಾಲ್ಕನೆಯದರ ಎಡಗೊಂಬು ಸಡಿಲವಾಗಿತ್ತು, ಈಗಷ್ಟೇ ಅಂಟು ಹಾಕಿ ನಿಲ್ಲಿಸಿದ್ದೇನೆ.