ಕೆಟ್ಟ ಮಗುವಿನ ಕಥೆ ಓದಿದವರು

ಮಗುವೇ ಭಯ ಹುಟ್ಟಿಸುವ ಸೈಕಲಾಜಿಕಲ್ ಥ್ರಿಲ್ಲರ್ ಓದಿದವರ ಮಾತು ಕೇಳೋದೇ ಒಂದು ಮಜಾ. ಮಾಮೂಲಿ ಕೊಲೆಗಾರನ ಕಥೆಯಾದರೆ ‘ಸಖತ್ತಾಗಿದೆ’ ಅಂತ ಮುಗಿಸುತ್ತಾರೆ. ಇಲ್ಲಿ ಮಾತ್ರ ಜಗಳ ಶುರು. ಒಬ್ಬರು ‘ಅರ್ಧಕ್ಕೇ ಮುಚ್ಚಿಟ್ಟೆ’ ಅಂತಾರೆ. ಇನ್ನೊಬ್ಬರು ‘ತಾಯಿ ಸರಿಯಾಗಿ ಬೆಳೆಸಿದ್ದರೆ ಹೀಗಾಗ್ತಿತ್ತಾ?’ ಅಂತ ಕೇಳುತ್ತಾರೆ. ಅಪ್ಪನ ಸುದ್ದಿ ಎತ್ತುವವರು ಕಮ್ಮಿ, ಗಮನಿಸಿದ್ದೀರಾ?

ಲಯೊನೆಲ್ ಶ್ರೈವರ್ 2003ರಲ್ಲಿ ತಂದ ‘ವಿ ನೀಡ್ ಟು ಟಾಕ್ ಅಬೌಟ್ ಕೆವಿನ್’ ಕಾದಂಬರಿಯನ್ನೇ ತಗೊಳ್ಳಿ. ಇಡೀ ಕಾದಂಬರಿ, ಶಾಲೆಯಲ್ಲಿ ಕೊಲೆಗಳನ್ನು ಮಾಡಿದ ಕೆವಿನ್ ಎಂಬ ಹುಡುಗನ ತಾಯಿ ತನ್ನ ಗಂಡನಿಗೆ ಬರೆಯುವ ಪತ್ರಗಳು. ಮಗ ಹುಟ್ಟಿದಾಗಿನಿಂದಲೇ ಕೆಟ್ಟವನು ಅನ್ನೋದಕ್ಕೆ ಅವಳ ಮಾತು ಬಿಟ್ಟರೆ ನಮ್ಮ ಕೈಯಲ್ಲಿ ಬೇರೇನೂ ಇಲ್ಲ. ನಂಬಬೇಕಾ, ಬೇಡವಾ? ಓದುಗರು ಎರಡು ಬಣ ಆಗುವುದು ಇಲ್ಲೇ. ನಾನು ಅರ್ಧ ನಂಬುತ್ತೇನೆ. ಅವಳ ಲೆಕ್ಕಾಚಾರದ ಮೇಲೆ ಅನುಮಾನ ಇದೆ, ಅವಳ ಸುಸ್ತಿನ ಮೇಲಿಲ್ಲ.

ಈ ಕಸಿವಿಸಿ ಹೊಸದೇನಲ್ಲ ಬಿಡಿ. ವಿಲಿಯಂ ಮಾರ್ಚ್ 1954ರಲ್ಲಿ ಬರೆದ ‘ದಿ ಬ್ಯಾಡ್ ಸೀಡ್’ನಲ್ಲಿ ಕೊಲೆ ಮಾಡುವ ಎಂಟು ವರ್ಷದ ಹುಡುಗಿ ಕೊನೆಗೆ ಆರಾಮಾಗಿ ಬದುಕಿ ಉಳಿಯುತ್ತಾಳೆ. 1956ರ ಸಿನಿಮಾದಲ್ಲಿ ಅವಳಿಗೆ ಸಿಡಿಲು ಬಡಿಸಿದರು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು ಅನ್ನೋದು ಆಗಿನ ಹಾಲಿವುಡ್ ನಿಯಮ. ಅದೂ ಸಾಲದು ಅಂತ, ಸಿನಿಮಾ ಮುಗಿದ ಮೇಲೆ ನಟರನ್ನು ಪರಿಚಯಿಸುವಾಗ ತಾಯಿ ಪಾತ್ರದವರು ಆ ಹುಡುಗಿಯನ್ನು ತೊಡೆ ಮೇಲೆ ಹಾಕಿಕೊಂಡು ನಾಲ್ಕು ಬಾರಿಸುತ್ತಾರೆ! ನೋಡಿದವರು ನಿದ್ದೆಗೆಡದಿರಲಿ ಅಂತಿರಬೇಕು. ನನಗಂತೂ ಪುಸ್ತಕದ ಕೊನೆಯೇ ಜಾಸ್ತಿ ಇಷ್ಟ.