ಕುರುಮೆಯ ಬರಿದಾಗದ ಹಂಡೆ

ಜಪಾನಿನ ಫುಕುವೋಕಕ್ಕೆ ಬಂದು ನಾಲ್ಕು ವರ್ಷ ಕಳೆದ ಮೇಲೆ, ಕಳೆದ ಫೆಬ್ರವರಿಯ ಒಂದು ಶನಿವಾರ, ಕೊನೆಗೂ ಕುರುಮೆಯ ತೈಹೋ ರಾಮೆನ್ ಅಂಗಡಿಯ ಬಾಗಿಲು ದಾಟಿದೆ. ಊರು ದೂರವೇನಲ್ಲ, ತೆಂಜಿನ್ ನಿಲ್ದಾಣದಿಂದ ನಿಶಿತೆತ್ಸು ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯ ಹಾದಿ. ನಮ್ಮ ಪ್ರಯೋಗಾಲಯದ ಹಿರಿಯ ಸಹೋದ್ಯೋಗಿಯೊಬ್ಬರು ಹುಟ್ಟಿ ಬೆಳೆದದ್ದು ಅಲ್ಲಿಯೇ. ಪ್ರತಿ ವರ್ಷ ಚಳಿ ಬಿದ್ದೊಡನೆ ಅವರು ಕರೆಯುತ್ತಿದ್ದರು, ನಾನು ಏನಾದರೊಂದು ಕೆಲಸದ ನೆಪದಲ್ಲಿ ಮುಂದೂಡುತ್ತಿದ್ದೆ. ಈ ವರ್ಷ ಅವರ ನಿವೃತ್ತಿ ಹತ್ತಿರ ಬಂದಿದ್ದರಿಂದ ಇನ್ನು ತಡ ಮಾಡಬಾರದೆನಿಸಿತು.

ಹಂದಿ ಮೂಳೆಯನ್ನು ಕುದಿಸಿ ತೆಗೆದ ಸಾರಿನಲ್ಲಿ ನೂಡಲ್ಸ್ ಬಡಿಸುವ ತೊಂಕೊತ್ಸು ರಾಮೆನ್ ಇಂದು ಜಗತ್ತಿನ ಅನೇಕ ದೊಡ್ಡ ನಗರಗಳಲ್ಲಿ, ಫುಕುವೋಕ ನಗರದ ಭಾಗವಾದ ಹಕಾತದ ಹೆಸರಿನಲ್ಲಿ ಸಿಗುತ್ತದೆಯಾದರೂ ಅದರ ತವರು ಈ ಕುರುಮೆ. 1937ರಲ್ಲಿ ಇಲ್ಲಿನ ರೈಲು ನಿಲ್ದಾಣದ ಬಳಿ ನಾನ್ಕಿನ್ ಸೆನ್ರ್ಯೋ ಎಂಬ ತಳ್ಳುಗಾಡಿಯನ್ನಿಟ್ಟ ಮಿಯಮೊತೊ ತೊಕಿಯೊ ಅವರು ನಾಗಸಾಕಿ ಪ್ರಾಂತದ ಶಿಮಬರದವರು. ನಾಗಸಾಕಿಯ ಚಂಪೊನ್ ಎಂಬ ನೂಡಲ್ಸ್ ಖಾದ್ಯದ ಸಾರಿನ ರುಚಿಯನ್ನು ಬಲ್ಲ ಅವರು ಹಂದಿ ಮೂಳೆಯನ್ನು ರಾಮೆನ್ನಿಗೆ ತಂದರು. ಆಗಿನ ಸಾರು ಇಂದಿನಷ್ಟು ಬೆಳ್ಳಗಿರಲಿಲ್ಲ. ಹಾಲಿನಂಥ ಬಿಳುಪು ಬಂದದ್ದು ಹತ್ತು ವರ್ಷಗಳ ನಂತರ, 1947ರಲ್ಲಿ ಶುರುವಾದ ಸಾನ್ಕ್ಯೂ ಎಂಬ ಇನ್ನೊಂದು ಗಾಡಿಯಲ್ಲಿ, ಒಂದು ಅಚಾತುರ್ಯದಿಂದ ಎಂದು ಊರವರು ಹೇಳುತ್ತಾರೆ. ಮಾಲೀಕ ಹೊರಗೆ ಹೋಗಿದ್ದಾಗ ಉರಿ ಜೋರಾಗಿ, ಸಾರು ಕೊತಕೊತ ಕುದಿದು ಬೆಳ್ಳಗಾಯಿತಂತೆ. ಚೆಲ್ಲುವ ಮುನ್ನ ರುಚಿ ನೋಡಿದರೆ ಅದು ಮೊದಲಿಗಿಂತ ಚೆನ್ನಾಗಿತ್ತಂತೆ. ಜೋರು ಕುದಿತಕ್ಕೆ ಮೂಳೆಯ ಅಂಟು ಕರಗಿ, ನೆಣವೂ ಮಜ್ಜೆಯೂ ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಬೆರೆತುಹೋಗುವುದೇ ಆ ಬಿಳುಪಿನ ಕಾರಣ. ಮಂದ ಉರಿಯಲ್ಲಿಟ್ಟರೆ ಅದೇ ಮೂಳೆಯಿಂದ ತಿಳಿಯಾದ ಸಾರು ಬರುತ್ತದೆ.

ತೈಹೋ 1953ರಲ್ಲಿ ತಳ್ಳುಗಾಡಿಯಾಗಿಯೇ ಆರಂಭವಾದ ಅಂಗಡಿ. ನಿಲ್ದಾಣದಿಂದ ನಡೆದು ಹೋಗುತ್ತಿದ್ದಾಗ, ಅಂಗಡಿ ಕಣ್ಣಿಗೆ ಬೀಳುವ ಮೊದಲೇ ವಾಸನೆ ಎದುರಾಯಿತು. ಸಕಲೇಶಪುರದ ಕಡೆಯ ನನಗೆ ಹಂದಿ ಮಾಂಸ ಹೊಸದಲ್ಲ; ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹಂದಿ ಸಾರು, ಕಡುಬು ಮಾಡಿದ ದಿನ ನೆಂಟರು ಹೇಳಿ ಕಳಿಸದಿದ್ದರೂ ಬರುತ್ತಿದ್ದರು. ಆದರೆ ನಮ್ಮ ಸಾರಿನಲ್ಲಿ ಕಾಳುಮೆಣಸು, ಕೊತ್ತಂಬರಿ, ಹುಳಿಯ ಘಮ ಮುಂದೆ ನಿಂತಿರುತ್ತದೆ. ಇಲ್ಲಿ ಮಸಾಲೆಯ ಮರೆಯೇ ಇಲ್ಲ, ಇರುವುದು ಬರಿಯ ಮೂಳೆಯ ವಾಸನೆ, ಅದೂ ಹಳೆಯ ವಾಸನೆ. ನಾಲ್ಕು ವರ್ಷ ನನ್ನನ್ನು ತಡೆದದ್ದು ಕೆಲಸಕ್ಕಿಂತ ಹೆಚ್ಚಾಗಿ ಇದೇ ಇರಬೇಕು. ನನ್ನ ಜೊತೆಗಿದ್ದ ಹಿರಿಯರು ಮಾತ್ರ ಅಲ್ಲಿಯೇ ನಿಂತು ದೀರ್ಘವಾಗಿ ಉಸಿರೆಳೆದುಕೊಂಡು, "ಇದು ನನಗೆ ಊರು ಬಂತೆಂದು ತಿಳಿಸುವ ವಾಸನೆ" ಎಂದರು.

ಹಳೆಯದೆಂದೆನಲ್ಲ, ಅದು ಅಕ್ಷರಶಃ ನಿಜ. ಅನೇಕ ರಾಮೆನ್ ಅಂಗಡಿಗಳಲ್ಲಿ ಆ ದಿನದ ಸಾರನ್ನು ಆ ದಿನವೇ ಮುಗಿಸಿ, ಹಂಡೆ ತೊಳೆದು, ಮರುದಿನ ಹೊಸದಾಗಿ ಶುರು ಮಾಡುತ್ತಾರೆ. ಕುರುಮೆಯ ಪದ್ಧತಿ ಬೇರೆ, ಅದಕ್ಕೆ 'ಯೊಬಿಮೊದೊಶಿ' ಎಂದು ಹೆಸರು. ಮರಳಿ ಕರೆಯುವುದು ಎಂದರ್ಥ. ಹಂಡೆಯನ್ನು ಎಂದೂ ಪೂರ್ತಿ ಬರಿದು ಮಾಡುವುದಿಲ್ಲ. ಹಳೆಯ ಸಾರು ಉಳಿದಿರುವಾಗಲೇ ಹೊಸ ಮೂಳೆಯ ಸಾರನ್ನು ಸೇರಿಸಿ, ಕುದಿಸಿ, ಬಳಸಿ, ಮತ್ತೆ ಸೇರಿಸುತ್ತಾರೆ. ಗಾಡಿಯ ಕಾಲದಿಂದ ಇಂದಿನವರೆಗೂ ಸಾರನ್ನು ಹೀಗೆಯೇ ನಡೆಸಿಕೊಂಡು ಬಂದಿದ್ದೇವೆಂಬುದು ತೈಹೋದವರ ಮಾತು. ಇದನ್ನು ಕೇಳಿದಾಗ ನನಗೆ ನೆನಪಾದದ್ದು ಅಮ್ಮ ರಾತ್ರಿ ಹಾಲಿಗೆ ಹಾಕುತ್ತಿದ್ದ ಹೆಪ್ಪು. ಹೆಪ್ಪು ಬೇರೆ, ಈ ಸಾರು ಬೇರೆ ಎಂಬುದು ನನಗೆ ಗೊತ್ತು. ಒಂದರಲ್ಲಿ ಹುಳಿಯುವ ಕೆಲಸ, ಇನ್ನೊಂದರಲ್ಲಿ ಉರಿಯ ಕೆಲಸ. ಆದರೂ ನಿನ್ನೆಯದರಲ್ಲಿ ಒಂದು ಪಾಲು ನಾಳೆಗೆಂದು ತೆಗೆದಿಡದೆ ಮಲಗಬಾರದೆಂಬ ಆ ಎಚ್ಚರ ಎರಡಕ್ಕೂ ಒಂದೇ. ಪಕ್ಕದ ಮನೆಯಿಂದ ಹೆಪ್ಪನ್ನು ಕೇಳಿ ತರಬಹುದು. ಈ ಹಂಡೆ ಒಮ್ಮೆ ಬರಿದಾದರೆ ಕೇಳುವುದು ಯಾರನ್ನು?

ಕಾರು ನಿಲ್ಲಿಸಿದವರ ಸಾಲು ಉದ್ದವಿತ್ತು, ಆದರೆ ಬೇಗ ಕರಗಿತು. ನಾನು ಕೇಳಿದ್ದು 'ಮುಕಶಿ ರಾಮೆನ್', ಅಂದರೆ ಹಳೆಯ ಕಾಲದ ರಾಮೆನ್. ಬಟ್ಟಲು ಬಂದಾಗ ಸಾರಿನ ಮೇಲೆ ಹಾಲು ಕರೆದ ಹೊತ್ತಿನ ನೊರೆಯಂತೆ ಸಣ್ಣ ಗುಳ್ಳೆಗಳು ಅಂಚಿಗೆ ಸೇರಿದ್ದವು. ನೂಡಲ್ಸ್ ನೆಟ್ಟಗಿದ್ದು, ಹಕಾತದ್ದಕ್ಕಿಂತ ತುಸು ದಪ್ಪಗಿತ್ತು. ಈರುಳ್ಳಿ ಸೊಪ್ಪು, ತೆಳುವಾಗಿ ಕೊಯ್ದ ಮಾಂಸ, ಒಂದು ಹಾಳೆ ನೋರಿ ಎಂಬ ಒಣಗಿಸಿದ ಕಡಲಕಳೆ, ಅವುಗಳ ನಡುವೆ ಕಂದು ಬಣ್ಣಕ್ಕೆ ಹುರಿದ ನೆಣದ ಚೂರುಗಳು. ಆ ಚೂರುಗಳು ಮೊದಲ ಗುಟುಕಿನಲ್ಲಿ ಹಲ್ಲಿಗೆ ಕರಕರ ಎಂದವು, ಐದಾರು ನಿಮಿಷದಲ್ಲಿ ಮೆತ್ತಗಾಗಿ ಸಾರಿಗೆ ತಮ್ಮ ಹುರಿದ ಘಮವನ್ನು ಬಿಟ್ಟುಕೊಟ್ಟವು. ಹೊರಗೆ ಮೂಗನ್ನು ತಡೆದ ವಾಸನೆ ಬಾಯಲ್ಲಿ ಎಲ್ಲಿಯೂ ಇರಲಿಲ್ಲ. ಉಪ್ಪು ಹದವಾಗಿದ್ದು, ನುಂಗಿದ ಮೇಲೆ ತುಟಿಗೆ ತುಟಿ ಅಂಟುವಷ್ಟು ಸಾರ ಉಳಿಯುತ್ತಿತ್ತು. ಇದನ್ನು ಓದುತ್ತಿರುವ ಸಸ್ಯಾಹಾರಿ ಮಿತ್ರರು ಈ ಕಡೆ ಬಂದಾಗ, ಮಾಂಸ ತೆಗೆಸಿ ತಿನ್ನಬಹುದೆಂದು ಭಾವಿಸಬೇಡಿ, ಸಾರೇ ಮೂಳೆಯದ್ದು.

ನಾನು ಕುಳಿತಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಒಬ್ಬ ಯುವಕ ಎರಡೂ ಕೈಯಿಂದ ದೊಡ್ಡ ಸೌಟನ್ನು ಹಿಡಿದು ಹಂಡೆಯ ತಳದಿಂದ ಮೂಳೆಗಳನ್ನು ಎಬ್ಬಿಸುತ್ತಿದ್ದ, ನಮ್ಮಲ್ಲಿ ಆಲೆಮನೆಯವರು ಕೊಪ್ಪರಿಗೆ ಕೈಯಾಡಿಸುವ ಹಾಗೆ. ಹಬೆಯಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ನಾವು ತಿಂದು ಮುಗಿಸುವಷ್ಟು ಹೊತ್ತೂ ಆ ಕೈ ನಿಲ್ಲಲಿಲ್ಲ.

ನಾನು ಚಮಚ ಕೆಳಗಿಟ್ಟಾಗ ಹಿರಿಯರು ನನ್ನ ಬಟ್ಟಲಿನೊಳಗೆ ನೋಡಿ, ಇನ್ನೂ ಸ್ವಲ್ಪ ಉಳಿದಿದೆ, ಕುಡಿದುಬಿಡಿ ಎಂದರು. ಎರಡೂ ಕೈಯಲ್ಲಿ ಬಟ್ಟಲನ್ನೆತ್ತಿ ಕುಡಿದೆ. ತಳದಲ್ಲಿ ನುಣ್ಣನೆಯ ರವೆಯಂಥ ಬೂದು ಪುಡಿ ಅಂಟಿಕೊಂಡಿತ್ತು. ಬೆರಳಲ್ಲಿ ಒರೆಸಿ ನೋಡಿದೆ. ಕುದಿದು ಕುದಿದು ಪುಡಿಯಾದ ಮೂಳೆ ಅದು ಎಂದು ಅವರು ಹೇಳಿದರು, ತಮ್ಮ ಬಟ್ಟಲನ್ನೂ ನನ್ನ ಕಡೆ ವಾಲಿಸಿ ತೋರಿಸಿದರು.