ಹಳೆಯ ಚೀಟಿಯ ನೋವಿನ ಮಾತ್ರೆ

ಶಿರಸಿಯ ಔಷಧ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಫಾರ್ಮಸಿಸ್ಟ್ ಆಗಿದ್ದೇನೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ, ಗೊನೆ ಹೊತ್ತವರೂ ಸರಿರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದವರೂ ಸೊಂಟ ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಅಂಥದೊಂದು ಸಂಜೆ ಪರಿಚಯದ ಹಿರಿಯ ಕೃಷಿಕರೊಬ್ಬರು, "ತಮಾ, ಇದನ್ನೇ ಕೊಡು, ಹಿಂದೆ ಇದರಲ್ಲೇ ಗುಣ ಆಗಿತ್ತು" ಎಂದು ಮಡಿಕೆಯಲ್ಲಿ ಹರಿದುಹೋಗಿದ್ದ ಚೀಟಿಯನ್ನು ಮುಂದಿಟ್ಟರು. ಅದರಲ್ಲಿದ್ದದ್ದು ಉರಿಯೂತ ತಗ್ಗಿಸುವ ನೋವಿನ ಮಾತ್ರೆ, 50 ಮಿಲಿಗ್ರಾಂನ ಡೈಕ್ಲೋಫೆನಾಕ್. ನಾನು ಕೊಟ್ಟುಬಿಟ್ಟೆ. ಆ ಚೀಟಿ ಬರೆದ ಮೇಲೆ ಅವರಿಗೆ ಹೃದಯಾಘಾತವಾಗಿ, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿದ್ದರೆಂಬುದು ನನಗೆ ತಿಳಿದಿರಲಿಲ್ಲ, ಏಕೆಂದರೆ ನಾನು ಕೇಳಿರಲೇ ಇಲ್ಲ.

ಹನ್ನೆರಡು ದಿನಗಳ ನಂತರ ಬಂದಾಗ ಚಪ್ಪಲಿಯ ಪಟ್ಟಿ ಅವರ ಪಾದದಲ್ಲಿ ಹೂತುಹೋಗಿತ್ತು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಬೇಗ ತುಂಬಿಕೊಳ್ಳಲಿಲ್ಲ. ಕೂಡಲೇ ವೈದ್ಯರಲ್ಲಿಗೆ ಕಳುಹಿಸಿದೆ. ರಕ್ತದೊತ್ತಡವೂ ಏರಿತ್ತು, ಮಾತ್ರೆ ನಿಲ್ಲಿಸಿದ ಮೇಲೆ ಬಾವು ಇಳಿಯಿತು.

ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವುದರ ಹಿಂದೆ ಉರಿಯೂತವೂ ಇರುವುದರಿಂದ, ಉರಿಯೂತ ತಗ್ಗಿಸುವ ಮಾತ್ರೆ ನಾಳಕ್ಕೂ ಒಳ್ಳೆಯದೇ ಮಾಡೀತು ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನಂಬಿದ್ದೆ. ಆದರೆ ನಾಳದ ಒಳಪದರವು ಕಾಕ್ಸ್-2 ಎಂಬ ಕಿಣ್ವದ ನೆರವಿನಿಂದ ಪ್ರೋಸ್ಟಾಸೈಕ್ಲಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಅದು ನಾಳವನ್ನು ಹಿಗ್ಗಿಸಿ, ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್‌ಗಳು) ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಡೈಕ್ಲೋಫೆನಾಕ್ ಈ ಕಿಣ್ವವನ್ನೇ ಹೆಚ್ಚಾಗಿ ಅದುಮುವುದರಿಂದ, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನ್ ಎಂಬ ಎದುರಾಳಿ ವಸ್ತುವಿನ ಕೈ ಮೇಲಾಗುತ್ತದೆ. ಇತ್ತ ಮೂತ್ರಪಿಂಡಗಳು ಉಪ್ಪು, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಕ್ಸ್-2 ಅನ್ನೇ ಗುರಿಯಾಗಿಸಿಕೊಂಡಿದ್ದ ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯದ ಕಾರಣದಿಂದ 2004ರಲ್ಲಿ ಮಾರುಕಟ್ಟೆಯಿಂದ ಹೋಯಿತು. 2013ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಇಂಥ ಹೃದ್ರೋಗಿಗಳಿಗೆ ಡೈಕ್ಲೋಫೆನಾಕ್ ಕೊಡಲೇಬಾರದೆಂದರು. ಉರಿಯೂತ ತಗ್ಗಿಸಿದರೆ ಹೃದಯಕ್ಕೆ ಲಾಭವೇ ಇಲ್ಲವೆಂದಲ್ಲ: ಬೇರೆ ದಾರಿಯಲ್ಲಿ ಕೆಲಸ ಮಾಡುವ ಕೋಲ್ಚಿಸಿನ್ ಎಂಬ ಔಷಧಕ್ಕೆ, ದಿನಕ್ಕೆ 0.5 ಮಿಲಿಗ್ರಾಂ ಪ್ರಮಾಣದಲ್ಲಿ, ಹೃದಯಾಘಾತದ ಅಪಾಯ ತಗ್ಗಿಸಲೆಂದೇ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿದೆ.

ಮತ್ತೊಂದು ನೋವಿನ ಮಾತ್ರೆಯಾದ ಐಬುಪ್ರೊಫೇನ್‌ನದು ಇನ್ನೊಂದು ಬಗೆಯ ತೊಡಕು. ರಕ್ತ ಹೆಪ್ಪುಗಟ್ಟದಿರಲೆಂದು ಹೃದ್ರೋಗಿಗಳು ನುಂಗುವ ಆಸ್ಪಿರಿನ್ ಕಿರುತಟ್ಟೆಯ ಕಿಣ್ವಕ್ಕೆ ಬಿಡಿಸಲಾಗದಂತೆ ಅಂಟಬೇಕು. ಅಷ್ಟರಲ್ಲಿ ಐಬುಪ್ರೊಫೇನ್ ಆ ಜಾಗದಲ್ಲಿ ಕುಳಿತಿದ್ದರೆ, ರಕ್ತದಿಂದ ಬೇಗನೆ ಮರೆಯಾಗುವ ಆಸ್ಪಿರಿನ್‌ಗೆ ಎಡೆಯೇ ಸಿಗುವುದಿಲ್ಲ. ನುಂಗಿದ ಆಸ್ಪಿರಿನ್ ಹೀಗೆ ವ್ಯರ್ಥವಾಗುವುದು ರೋಗಿಗೆ ತಿಳಿಯುವುದೂ ಇಲ್ಲ, ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ.

ಆ ಹಿರಿಯರಿಗೆ ವೈದ್ಯರು ಸೊಂಟಕ್ಕೆ ಪ್ಯಾರಾಸಿಟಮಾಲ್ ಬರೆದರು. ಅವರ ಹಳೆಯ ಚೀಟಿಯ ಮೇಲೆ ನಾನು ಕೆಂಪು ಶಾಯಿಯಲ್ಲಿ "ಸ್ಟೆಂಟ್ ಹಾಕುವ ಮೊದಲಿನದು, ಕೊಡಬಾರದು" ಎಂದು ಬರೆದುಕೊಟ್ಟೆ. ಈಗ ನೋವಿನ ಮಾತ್ರೆ ಕೇಳಿದವರಿಗೆಲ್ಲ, ಎಷ್ಟೇ ಗದ್ದಲವಿರಲಿ, ಹೃದಯದ ಮಾತ್ರೆ, ಬಿ.ಪಿ. ಮಾತ್ರೆ ಏನಾದರೂ ನಡೆಯುತ್ತಿದೆಯೇ ಎಂದು ಕೇಳಿಯೇ ಕಪಾಟಿಗೆ ಕೈ ಹಾಕುತ್ತೇನೆ.